ಶಿರಾ ಅಲ್ಲ, ಸಿರಾ: ಕಾಳುಮೆಣಸಿನ ಊರಲ್ಲಿ ಕೂತು ಒಂದು ವೈನ್ ರುಚಿ ನೋಡುವುದು ಹೇಗೆ

"ಸಿರಾ ತಂದಿಟ್ಟಿದ್ದೇನೆ, ಸಂಜೆ ಬಾ" ಎಂದು ಗೆಳೆಯ ಫೋನ್ ಮಾಡಿದ ದಿನ ನಾನು ಮಧ್ಯಾಹ್ನ ಅರ್ಧ ಹೊಟ್ಟೆ ಮಾತ್ರ ಊಟ ಮಾಡಿದ್ದೆ. ನಮ್ಮ ಕಡೆ ಶಿರಾ ಅಂದರೆ ರವೆ, ಸಕ್ಕರೆ, ಕೈಬಿಚ್ಚಿ ಹಾಕಿದ ತುಪ್ಪ. ಶಿರಸಿಯಿಂದ ಸ್ವಲ್ಪ ದೂರದ ಅವನ ಮನೆ ಜಗಲಿಯಲ್ಲಿ ಕೂತೆ. ಅವನು ಒಳಗಿಂದ ತಂದದ್ದು ತಟ್ಟೆಯಲ್ಲ, ಒಂದು ಕಪ್ಪು ಬಾಟಲಿ. ಸಿಹಿ ತಿನ್ನಲು ಹೋದವನು ಮೆಣಸಿನ ವಾಸನೆಯ ವೈನ್ ಕುಡಿದು ಬಂದೆ. ಅವತ್ತಿನಿಂದ ಸಿರಾ ಅನ್ನುವ ಈ ವೈನ್ ದ್ರಾಕ್ಷಿಯ ಬೆನ್ನು ಬಿಟ್ಟಿಲ್ಲ.

ವೈನ್ ಬಗ್ಗೆ ಓದಲು ಹೊರಟರೆ ಬ್ಲ್ಯಾಕ್‌ಬೆರಿ, ವಯಲೆಟ್ ಹೂವು, ಆಲಿವ್ ಅಂತೆಲ್ಲ ಬರುತ್ತದೆ. ನಮ್ಮಲ್ಲಿ ಎಷ್ಟು ಜನ ಬ್ಲ್ಯಾಕ್‌ಬೆರಿ ಗಿಡ ನೋಡಿದ್ದೇವೆ? ನಾನಂತೂ ನೋಡಿಲ್ಲ. ಹಾಗಂತ ಈ ವೈನ್ ನಮಗೆ ಅರ್ಥವಾಗುವುದಿಲ್ಲ ಅಂತೇನಿಲ್ಲ. ಸಿರಾದಲ್ಲಿ ಮುಖ್ಯವಾಗಿ ಗುರುತಿಸಬೇಕಾದದ್ದು ಮೂರು: ಕಾಳುಮೆಣಸಿನ ಪರಿಮಳ, ಒಗರು, ಹುಳಿ. ಮೂರೂ ಉತ್ತರ ಕನ್ನಡದವರಿಗೆ ಚಿಕ್ಕಂದಿನಿಂದ ಗೊತ್ತು. ಅಡುಗೆಮನೆ ಮತ್ತು ತೋಟದ ವಸ್ತುಗಳನ್ನೇ ಇಟ್ಟುಕೊಂಡು ಒಂದು ಬಾಟಲಿಯನ್ನು ನಿಧಾನವಾಗಿ ನೋಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಬಾಟಲಿ ಕೊಳ್ಳುವಾಗ

ಸಿರಾ ಮತ್ತು ಶಿರಾಜ್ ಒಂದೇ ದ್ರಾಕ್ಷಿ. ಫ್ರಾನ್ಸ್‌ನಲ್ಲಿ ಸಿರಾ, ಆಸ್ಟ್ರೇಲಿಯಾದಲ್ಲಿ ಶಿರಾಜ್. ನಮ್ಮ ದೇಶದ ಲೇಬಲ್‌ಗಳಲ್ಲಿ ಎರಡೂ ಸಿಗುತ್ತವೆ. ಇರಾನಿನ ಶಿರಾಜ್ ಪಟ್ಟಣದಿಂದ ಬಂದದ್ದು ಎಂಬ ಕತೆ ಬಹಳ ಕಾಲ ಓಡಾಡಿತ್ತು. 1998ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ಫ್ರಾನ್ಸಿನ ಸಂಶೋಧಕರು ಡಿಎನ್‌ಎ ಪರೀಕ್ಷೆ ಮಾಡಿ ಆ ಕತೆ ಮುಗಿಸಿದರು. ಇದರ ಅಪ್ಪ ಅಮ್ಮ ಎರಡೂ ಆಗ್ನೇಯ ಫ್ರಾನ್ಸಿನ ದ್ರಾಕ್ಷಿಗಳು: ದುರೆಜಾ ಮತ್ತು ಮೊಂದೂಸ್ ಬ್ಲಾಂಶ್. ಮೊಂದೂಸ್ ಬ್ಲಾಂಶ್ ಬಿಳಿ ದ್ರಾಕ್ಷಿ ಅನ್ನುವುದು ತಮಾಷೆ. ಸಿರಾದ ತವರು ರೋನ್ ನದಿಯ ಉತ್ತರ ಭಾಗ. ಎರ್ಮಿತಾಜ್, ಕೋರ್ನಾಸ್, ಕೋತ್ ರೋತಿ ಎಲ್ಲ ಅಲ್ಲಿಯ ವೈನ್ ಸೀಮೆಗಳ ಹೆಸರುಗಳೇ.

ಕೆಲವು ವೈನ್‌ಗಳನ್ನು "ಸಣ್ಣ ಉತ್ಪಾದನೆ"ಯವು ಅನ್ನುತ್ತಾರೆ, ಆ ಮಾತಿಗೆ ಒಂದು ಲೆಕ್ಕ ಕೊಡುತ್ತೇನೆ. ವೈನ್ ಹಣ್ಣಾಗಲು ಇಡುವ ಮಾಮೂಲಿ ಓಕ್ ಮರದ ಪೀಪಾಯಿ, ಅಂದರೆ ಬ್ಯಾರಲ್, 225 ಲೀಟರ್‌ನದು. 750 ಎಂಎಲ್‌ನ ಬಾಟಲಿಗೆ ಸುರಿದರೆ 300 ಬಾಟಲಿ. ಒಬ್ಬ ತಯಾರಕ ಸಿರಾಕ್ಕೆ ಹತ್ತು ಬ್ಯಾರಲ್ ಇಟ್ಟರೆ ಇಡೀ ವರ್ಷಕ್ಕೆ ಮೂರು ಸಾವಿರ ಬಾಟಲಿ, ಅಷ್ಟೇ. ಒಂದು ಬಾಟಲಿಗೆ ಹೆಚ್ಚುಕಡಿಮೆ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ದ್ರಾಕ್ಷಿ ಬೇಕು. ಇಷ್ಟು ಸಣ್ಣ ಪ್ರಮಾಣದಲ್ಲಿ ಮಾಡುವವರು ಪ್ರತಿ ವರ್ಷ ಒಂದೇ ರುಚಿ ಕೊಡಬೇಕು ಅಂತ ಹಟ ಹಿಡಿಯುವುದಿಲ್ಲ. ಕೆಲವರು ಸೋಸುವುದೇ ಇಲ್ಲ. ಕೆಲವರು ದ್ರಾಕ್ಷಿಯನ್ನು ಬಿಡಿಸದೆ ಗೊಂಚಲು ದಂಟಿನ ಸಮೇತ ಹುದುಗಲು ಹಾಕುತ್ತಾರೆ. ಕೋತ್ ರೋತಿಯಲ್ಲಂತೂ ವಿಯೋನ್ಯೇ ಎಂಬ ಬಿಳಿ ದ್ರಾಕ್ಷಿಯನ್ನು ಶೇ 20ರವರೆಗೆ ಸೇರಿಸಿ ಒಟ್ಟಿಗೇ ಹುದುಗಿಸಲು ನಿಯಮವೇ ಅವಕಾಶ ಕೊಡುತ್ತದೆ. ಅದರಿಂದ ವೈನ್‌ಗೆ ಹೂವಿನ ಘಮ ಬರುತ್ತದೆ.

ಶಿರಸಿಯಲ್ಲಿ ವೈನ್ ದ್ರಾಕ್ಷಿ ಯಾಕೆ ಬೆಳೆಯುವುದಿಲ್ಲ ಅಂತ ಕೇಳುವವರಿದ್ದಾರೆ. ನಮ್ಮ ಮಳೆಗೆ ಅದು ಒಂದು ವರ್ಷವೂ ಬದುಕಿ ಫಲ ಕೊಡುವುದು ಕಷ್ಟ, ಬೂಷ್ಟೇ ತಿಂದುಹಾಕುತ್ತದೆ. ಆದರೆ ನಮಗೂ ದ್ರಾಕ್ಷಿ ತೋಟಕ್ಕೂ ಒಂದು ಹಳೆಯ ನಂಟಿದೆ. ಕೊಳೆ ರೋಗ ಬರದಿರಲಿ ಅಂತ ಮಳೆಗಾಲದಲ್ಲಿ ಅಡಿಕೆ ಕೊನೆಗೆ ಹೊಡೆಯುತ್ತೇವಲ್ಲ ಬೋರ್ಡೋ ದ್ರಾವಣ, ಮೈಲುತುತ್ತು ಮತ್ತು ಸುಣ್ಣದ್ದು? ಅದು 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಔಷಧಿ. ಹೆಸರು ಕೂಡ ಅಲ್ಲಿಂದಲೇ ಬಂತು.

ಕರ್ನಾಟಕದ ಸಿರಾ ಬೇಕಿದ್ದರೆ ನಂದಿ ಬೆಟ್ಟದ ಕಡೆಯ ಎಸ್‌ಡಿಯು, ಹಂಪಿ ಹಿಲ್ಸ್ ಎಂದು ಲೇಬಲ್‌ನಲ್ಲಿ ಬರೆಯುವ ಕ್ರಿಸ್ಮಾ ಇಂಥ ತಯಾರಕರದ್ದನ್ನು ಹುಡುಕಬಹುದು. ಗ್ರೋವರ್‌ನವರ ಲಾ ರಿಸರ್ವ್‌ನಲ್ಲಿ ಕ್ಯಾಬರ್ನೆ ಸುವಿನ್ಯೋ ಜೊತೆ ಶಿರಾಜ್ ಬೆರೆತಿರುತ್ತದೆ. ಮೊದಲ ಸಲ ನೋಡುವವರು ಬೆರಕೆಯದನ್ನು ಬಿಟ್ಟು ಬರೀ ಸಿರಾದ್ದೇ ತೆಗೆದುಕೊಳ್ಳಿ. ಲೇಬಲ್‌ನಲ್ಲಿ ಎರಡು ಸಂಗತಿ ನೋಡಿ. ಒಂದು, ಕೊಯ್ಲಿನ ವರ್ಷ. ನಮ್ಮ ದೇಶದಲ್ಲಿ ವೈನ್ ದ್ರಾಕ್ಷಿ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ ಮುಗಿಯುತ್ತದೆ. ಎರಡು, ಆಲ್ಕೋಹಾಲ್ ಪ್ರಮಾಣ. ಶೇ 13 ಇದ್ದರೆ ಸ್ವಲ್ಪ ಹಗುರ, 14.5 ಇದ್ದರೆ ಹಣ್ಣು ಬಿಸಿಲಲ್ಲಿ ಚೆನ್ನಾಗಿ ಪಕ್ವವಾಗಿದೆ, ಗಂಟಲಿಗೆ ಬಿಸಿ ತಟ್ಟಬಹುದು ಅಂತ ಲೆಕ್ಕ. ತಿರುಗಿಸುವ ಮುಚ್ಚಳ ಇದ್ದರೆ ಅಗ್ಗದ ಮಾಲು ಅಂತ ತಿಳಿಯಬೇಡಿ. ನಮ್ಮ ಹವೆಗೆ ಕಾರ್ಕ್‌ಗಿಂತ ಅದೇ ವಾಸಿ ಅಂತ ನನ್ನ ಅಭಿಪ್ರಾಯ.

ಕಾರವಾರದವರಿಗೆ ಒಂದು ಮಾತು. ಗೋವಾ ಹತ್ತಿರ ಇದೆ, ಅಲ್ಲಿ ಬೆಲೆ ಕಡಿಮೆ, ಒಂದೆರಡು ಬಾಟಲಿ ಬ್ಯಾಗಲ್ಲಿ ಹಾಕಿಕೊಂಡು ಬರೋಣ ಅನ್ನಿಸುವುದು ಸಹಜ. ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಅಬಕಾರಿಯವರು ಬ್ಯಾಗ್ ಬಿಚ್ಚಿಸುತ್ತಾರೆ. ಒಳ್ಳೆಯ ವೈನ್‌ಗೆ ಆ ಅವಮಾನ ಬೇಡ. ನಿಮಗೂ ಬೇಡ.

ಹಿಂದಿನ ದಿನ

ವೈನ್‌ಗೆ ನಮ್ಮ ಕರಾವಳಿಯ ಸೆಖೆಯೇ ದೊಡ್ಡ ಶತ್ರು. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಒಂದು ಏಪ್ರಿಲ್‌ನಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಕಾರು ನಿಲ್ಲಿಸಿ ಮಧ್ಯಾಹ್ನವೆಲ್ಲ ತಿರುಗಾಡಿದೆ. ಬಾಟಲಿ ಡಿಕ್ಕಿಯಲ್ಲಿತ್ತು. ರಾತ್ರಿ ತೆಗೆದು ನೋಡಿದರೆ ಕಾರ್ಕ್ ಅರ್ಧ ಬೆರಳಿನಷ್ಟು ಮೇಲೆ ಬಂದಿದೆ, ಕುತ್ತಿಗೆಯ ಸುತ್ತ ಅಂಟು. ಗ್ಲಾಸಿಗೆ ಹಾಕಿದರೆ ತಳ ಹಿಡಿದ ಜೋನಿಬೆಲ್ಲದ ವಾಸನೆ. ಹಣ್ಣಿನ ಸುಳಿವೇ ಇಲ್ಲ. ಬಿಸಿಗೆ ಬೆಂದ ವೈನ್ ಮತ್ತೆ ಸರಿಯಾಗುವುದಿಲ್ಲ, ಎಷ್ಟು ತಣ್ಣಗೆ ಮಾಡಿದರೂ ಅಷ್ಟೇ.

ಆದ್ದರಿಂದ ತಂದ ಕೂಡಲೇ ಕತ್ತಲಿನ, ತಂಪಾದ ಜಾಗದಲ್ಲಿ ಇಡಿ. ಕಾರ್ಕ್ ಇದ್ದರೆ ಮಲಗಿಸಿಡಿ. ಘಟ್ಟದ ಮೇಲಿನ ಹಳೆಯ ಮಣ್ಣಿನ ಗೋಡೆಯ ಮನೆಯಾದರೆ ನಡುಮನೆಯ ಮೂಲೆ ಸಾಕು. ಕಾರವಾರ, ಕುಮಟಾ, ಹೊನ್ನಾವರದವರು ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಇಟ್ಟರೂ ತಪ್ಪಿಲ್ಲ.

ಸೋಸದ ವೈನ್ ಆಗಿದ್ದರೆ ಕುಡಿಯುವ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಗಸಿ ತಳಕ್ಕೆ ಇಳಿಯುತ್ತದೆ. ಗಸಿ ಕಂಡರೆ ಕೆಟ್ಟಿದೆ ಅಂತಲ್ಲ. ಬಣ್ಣ ಮತ್ತು ಒಗರಿನ ಅಂಶಗಳು ಕಾಲ ಕಳೆದಂತೆ ಒಂದಕ್ಕೊಂದು ಅಂಟಿ ಕೆಳಗೆ ಕೂರುತ್ತವೆ, ಅಷ್ಟೇ.

"ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು" ಎಂಬ ಮಾತನ್ನು ನಂಬಿ ಮೋಸಹೋಗಬೇಡಿ. ಆ ಮಾತು ಹುಟ್ಟಿದ್ದು ಯುರೋಪಿನ ಚಳಿ ಕೋಣೆಗಳಲ್ಲಿ. ಸಿರಾಕ್ಕೆ 15ರಿಂದ 18 ಡಿಗ್ರಿ ಸರಿ. ಕಾರವಾರದ ಕೋಣೆ 30 ದಾಟಿರುತ್ತದೆ. ಅಷ್ಟು ಬಿಸಿಯಲ್ಲಿ ಆಲ್ಕೋಹಾಲ್ ಒಂದೇ ಮೂಗಿಗೆ ಹೊಡೆಯುತ್ತದೆ. ಕುಡಿಯುವ ಮೊದಲು ಫ್ರಿಜ್ಜಿನಲ್ಲಿ ಒಂದೂವರೆ ಗಂಟೆ ಇಡಿ. ಅವಸರ ಇದ್ದರೆ ಬಕೆಟ್ಟಿನಲ್ಲಿ ನೀರು, ಐಸ್ ಹಾಕಿ ಇಪ್ಪತ್ತು ನಿಮಿಷ ಮುಳುಗಿಸಿ. ಬರೀ ಐಸ್ ಸಾಲದು, ನೀರು ಬೇಕು, ಆಗಲೇ ಬಾಟಲಿಗೆ ಎಲ್ಲ ಕಡೆಯಿಂದ ತಂಪು ತಾಗುತ್ತದೆ. ತುಸು ಜಾಸ್ತಿ ತಣ್ಣಗಾದರೂ ಚಿಂತೆಯಿಲ್ಲ, ಗ್ಲಾಸಿನಲ್ಲಿ ಐದು ನಿಮಿಷಕ್ಕೆ ಏರುತ್ತದೆ. ಡಿಸೆಂಬರ್, ಜನವರಿಯ ಶಿರಸಿ ರಾತ್ರಿಗೆ ಈ ಯಾವ ತಾಪತ್ರಯವೂ ಇಲ್ಲ. ಜಗಲಿಯ ಮೇಲಿಟ್ಟರೆ ಆಯಿತು.

ಕವಳ ಹಾಕಿ ಬರಬೇಡಿ

ಇದನ್ನು ಬೇರೆ ಊರಿನವರಿಗೆ ಹೇಳಬೇಕಾಗಿಲ್ಲ, ನಮ್ಮವರಿಗೆ ಮೊದಲೇ ಹೇಳಬೇಕು. ಕವಳದ ಸುಣ್ಣ, ಅಡಿಕೆ, ತಂಬಾಕು ಸೇರಿದ ಬಾಯಿಗೆ ಒಂದು ಗಂಟೆಯಾದರೂ ಬೇರೆ ಯಾವ ಒಗರೂ ತಿಳಿಯುವುದಿಲ್ಲ. ಬಾಯಿ ತೊಳೆದು, ಸ್ವಲ್ಪ ಅನ್ನವನ್ನೋ ಚಪ್ಪೆ ಬ್ರೆಡ್ಡನ್ನೋ ತಿಂದು ಬನ್ನಿ. ಊದುಬತ್ತಿ, ಸೊಳ್ಳೆ ಬತ್ತಿ ಆರಿಸಿ. ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದರೆ ಜಗಲಿಗೆ ಹೋಗಿ. ಮುಡಿದ ಮಲ್ಲಿಗೆ, ಮೈಗೆ ಹೊಡೆದ ಸೆಂಟು ಎರಡೂ ಅಡ್ಡ ಬರುತ್ತವೆ.

ಗ್ಲಾಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹೊಟ್ಟೆ ಅಗಲ, ಬಾಯಿ ಸಣ್ಣ ಇರುವ ಯಾವ ತೆಳು ಗಾಜಿನದ್ದಾದರೂ ನಡೆಯುತ್ತದೆ. ಸ್ಟೀಲ್ ಲೋಟ ಬೇಡ, ಬಣ್ಣ ಕಾಣುವುದಿಲ್ಲ. ಕಪಾಟಿನಿಂದ ತೆಗೆದ ಗ್ಲಾಸನ್ನು ಮೊದಲು ಖಾಲಿಯಾಗಿಯೇ ಮೂಸಿ ನೋಡಿ. ನಮ್ಮ ಮನೆಯ ಗ್ಲಾಸಿಗೆ ಸದಾ ಡಾಂಬರ್ ಗುಳಿಗೆಯ ವಾಸನೆ! ಬಿಸಿನೀರಲ್ಲಿ ತೊಳೆದು ಗಾಳಿಗೆ ಒಣಗಿಸಿದರೆ ಹೋಗುತ್ತದೆ.

ಆರು ಜನಕ್ಕೆ ಒಂದು ಬಾಟಲಿ ಸಾಕು. ಒಬ್ಬರಿಗೆ ಒಂದು ಸಲಕ್ಕೆ 60 ಎಂಎಲ್ ಹಾಕಿ, ಗ್ಲಾಸಿನ ಕಾಲು ಭಾಗ ದಾಟಬಾರದು. ಎರಡು ಸುತ್ತು ಬರುತ್ತದೆ. ಉಗುಳಲು ಒಂದು ಪಾತ್ರೆ ಇಡಿ. ವೈನ್ ರುಚಿ ನೋಡುವವರು ಉಗುಳುತ್ತಾರೆ ಅಂದರೆ ಪಟ್ಟಣದವರು ಮುಖ ಸಿಂಡರಿಸುತ್ತಾರೆ. ಉಗುಳುವ ವಿದ್ಯೆಯನ್ನು ನಮ್ಮೂರಿಗೆ ಯಾರೂ ಬಂದು ಕಲಿಸಬೇಕಾಗಿಲ್ಲ. ರಾತ್ರಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಬೇಕಾದ ಡ್ರೈವರ್ ಬರೀ ಮೂಸಲಿ, ನುಂಗುವುದು ಬೇಡ.

ಮೂಗಿಗೂ ನಾಲಿಗೆಗೂ ಮೊದಲು ಒಂದು ಪಾಠ

ಬಾಟಲಿ ತೆರೆಯುವ ಮೊದಲು ನಾಲ್ಕು ಬಟ್ಟಲು ಜೋಡಿಸಿ. ಮೊದಲನೆಯದರಲ್ಲಿ ಆಗತಾನೆ ಜಜ್ಜಿದ ಕಾಳುಮೆಣಸು. ಪುಡಿ ಡಬ್ಬಿಯದು ಬೇಡ, ಘಮ ಹೋಗಿರುತ್ತದೆ. ಎರಡನೆಯದರಲ್ಲಿ ಚೊಗರು. ಹಸಿ ಅಡಿಕೆ ಬೇಯಿಸಿದಾಗ ಉಳಿಯುವ ಆ ಕೆಂಪು ನೀರನ್ನು ತೋಟದವರ ಮನೆಯಿಂದ ಒಂದು ಚಮಚ ತಂದರೆ ಸಾಕು, ನಾಲಿಗೆಗೆ ಬೆರಳ ತುದಿಯಷ್ಟು ತಾಗಿಸಿ. ಅಡಿಕೆ ಸುಗ್ಗಿ ಅಲ್ಲದಿದ್ದರೆ ಹಾಲು ಹಾಕದ ಗಟ್ಟಿ ಚಹಾ ನಡೆಯುತ್ತದೆ. ಮೂರನೆಯದರಲ್ಲಿ ಸಕ್ಕರೆ ಹಾಕದ ಮುರುಗಲು (ಕೋಕಂ) ನೀರು. ನಾಲ್ಕನೆಯದರಲ್ಲಿ ಕಪ್ಪು ಹಣ್ಣು, ಆ ಕಾಲಕ್ಕೆ ಸಿಕ್ಕಿದ್ದು. ಬೇಸಿಗೆಯಲ್ಲಿ ಕೌಳಿ ಹಣ್ಣು, ಮಳೆ ಹಿಡಿಯುವ ಹೊತ್ತಿಗೆ ನೇರಳೆ.

ಚೊಗರು ತಾಗಿಸಿದಾಗ ಏನಾಗುತ್ತದೆ ಗಮನಿಸಿ. ಅದು ರುಚಿಯಲ್ಲ, ಒಂದು ಹಿಡಿತ. ಒಸಡು ಬಿಗಿಯುತ್ತದೆ, ನಾಲಿಗೆ ಒಣಗಿದಂತೆ ಆಗುತ್ತದೆ. ಅದೇ ಒಗರು, ವೈನ್‌ನವರ ಮಾತಲ್ಲಿ ಟ್ಯಾನಿನ್. ಮುರುಗಲು ನೀರು ಕುಡಿದಾಗ ಇದಕ್ಕೆ ಉಲ್ಟಾ, ದವಡೆಯ ಪಕ್ಕದಿಂದ ನೀರು ಒಸರುತ್ತದೆ. ಅದು ಹುಳಿ. ಒಂದು ಒಣಗಿಸುತ್ತದೆ, ಇನ್ನೊಂದು ನೀರೂರಿಸುತ್ತದೆ. ಈ ಎರಡನ್ನು ಬೇರೆ ಮಾಡಿ ಗುರುತಿಸಲು ಬಂದರೆ ಕೆಂಪು ವೈನ್‌ನ ಅರ್ಧ ಪಾಠ ಮುಗಿಯಿತು.

ತೆರೆದು, ನೋಡಿ

ಎಳೆಯ ಸಿರಾವನ್ನು ತೆರೆದ ಕೂಡಲೇ ಕುಡಿಯಬೇಡಿ. ಗಾಜಿನ ಶರಬತ್ತು ಜಗ್ಗಿಗೆ ನಿಧಾನವಾಗಿ ಬಗ್ಗಿಸಿ. ಬಾಟಲಿಯ ಕುತ್ತಿಗೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಗಸಿ ಬರುವುದು ಕಾಣುತ್ತದೆ, ಅಲ್ಲಿಗೆ ನಿಲ್ಲಿಸಿ. ಅರ್ಧ ಗಂಟೆ ಬಿಡಿ. ಆದರೆ ಮೊದಲ ಒಂದು ಗುಟುಕಿನಷ್ಟನ್ನು ಆಗಲೇ ಗ್ಲಾಸಿಗೆ ಹಾಕಿ ಮೂಸಿ ಇಟ್ಟುಕೊಳ್ಳಿ. ಗಾಳಿ ಏನು ಮಾಡಿತು ಎಂದು ಆಮೇಲೆ ಹೋಲಿಸಲು ಬೇಕಾಗುತ್ತದೆ.

ಬಣ್ಣ ನೋಡಲು ಬಿಳಿ ಹಾಳೆಯ ಮೇಲೆ ಗ್ಲಾಸ್ ಓರೆ ಮಾಡಿ. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ ಅಂಚಿನಲ್ಲಿ ಕಂಡರೆ ಎಳೆಯದು. ಹೆಂಚಿನ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ. ಗ್ಲಾಸಿನ ಒಳಗೋಡೆಯ ಮೇಲೆ ಇಳಿಯುವ ಹನಿಗಳನ್ನು ನೋಡಿ "ಆಹಾ, ಎಂಥಾ ವೈನ್" ಅನ್ನುವವರಿದ್ದಾರೆ. ಆ ಹನಿ ಆಲ್ಕೋಹಾಲ್ ಮತ್ತು ನೀರು ಬೇರೆ ಬೇರೆ ವೇಗದಲ್ಲಿ ಆರುವುದರಿಂದ ಆಗುವುದು. ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಬಣ್ಣದ ಮೇಲೆ ಇದಕ್ಕಿಂತ ಹೆಚ್ಚು ಹೊತ್ತು ಕಳೆಯಬೇಡಿ.

ಮೂಸುವುದೇ ಮುಖ್ಯ ಕೆಲಸ

ಮೊದಲು ಗ್ಲಾಸ್ ತಿರುಗಿಸದೆ ಮೂಸಿ. ಹಗುರ ಘಮಗಳು ಆಗಲೇ ಬರುತ್ತವೆ. ಆಮೇಲೆ ಗ್ಲಾಸಿನ ಬುಡವನ್ನು ಮೇಜಿನ ಮೇಲೇ ಇಟ್ಟು ನಾಲ್ಕು ಸುತ್ತು ತಿರುಗಿಸಿ, ಮತ್ತೆ ಮೂಸಿ. ಉದ್ದಕ್ಕೆ ಎಳೆಯಬೇಡಿ, ಸಣ್ಣ ಸಣ್ಣ ಉಸಿರು ಸಾಕು. ಮೂಗು ಬೇಗ ಒಗ್ಗಿಹೋಗುತ್ತದೆ. ನಡುವೆ ನಿಮ್ಮದೇ ತೋಳು ಮೂಸಿದರೆ ಮೂಗು ಮತ್ತೆ ಚುರುಕಾಗುತ್ತದೆ.

ಅವತ್ತು ಗೆಳೆಯನ ಮನೆಯಲ್ಲಿ ನಾವಿಬ್ಬರೂ ಇಪ್ಪತ್ತು ನಿಮಿಷ ಗ್ಲಾಸಿಗೆ ಮೂಗು ತುರುಕಿ ಕೂತಿದ್ದೆವು. ಒಬ್ಬರಿಗೂ ಹೆಸರು ಸಿಗುತ್ತಿಲ್ಲ. ಏನೋ ಗೊತ್ತಿರುವ ವಾಸನೆ, ಆದರೆ ಏನು? ಆಗ ಅವನ ಆಯಿ ಹೊರಗೆ ಬಂದರು. ಅವರು ಕುಡಿಯುವವರಲ್ಲ, ಮಗ ಕುಡಿಯುವುದೂ ಅವರಿಗೆ ಅಷ್ಟೇನೂ ಹಿಡಿಸುವುದಿಲ್ಲ. "ಎಂತದೋ ಅದು, ಇಷ್ಟ್ ಹೊತ್ತು ಮೂಸ್ತಾ ಇದ್ದಿ?" ಅಂತ ಗ್ಲಾಸ್ ಇಸಿದುಕೊಂಡು ಒಂದು ಸಲ ಮೂಸಿದರು. "ಕಾಳುಮೆಣಸು ಒಣಹಾಕ್ದಾಂಗೆ ಪರಿಮಳ ಬತ್ತಲೋ ತಮಾ!" ಅಂದು ವಾಪಸ್ ಕೊಟ್ಟು ಒಳಗೆ ಹೋದರು. ಮುಗಿಯಿತು. ಆಮೇಲೆ ನಮಗೆ ಮೆಣಸು ಬಿಟ್ಟು ಬೇರೆ ಏನೂ ಬರಲಿಲ್ಲ.

ಆಯಿ ಹೇಳಿದ್ದು ಹೋಲಿಕೆಯ ಮಾತಲ್ಲ, ಅಕ್ಷರಶಃ ನಿಜ. ಸಿರಾದ ಮೆಣಸಿನ ಪರಿಮಳಕ್ಕೆ ಕಾರಣ ರೊಟಂಡೋನ್ ಎಂಬ ವಸ್ತು. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಅದನ್ನು ಗುರುತಿಸಿದರು. ಕಾಳುಮೆಣಸಿನಲ್ಲಿ ಇರುವುದೂ ಅದೇ ವಸ್ತು, ಬಹಳ ಹೆಚ್ಚಿನ ಪ್ರಮಾಣದಲ್ಲಿ. ದ್ರಾಕ್ಷಿಯಲ್ಲಿ ಅದು ಸಿಪ್ಪೆಯಲ್ಲಿ ಕೂತಿರುತ್ತದೆ. ಕೆಂಪು ವೈನ್‌ನಲ್ಲಿ ಒಂದು ಲೀಟರಿಗೆ ಸುಮಾರು 16 ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಕ್ಕಿಬೀಳುತ್ತದೆ. ಒಂದು ಗ್ರಾಂ ಅನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಹದಿನಾರು ಪಾಲು! ತಂಪು ಜಾಗದಲ್ಲಿ, ನಿಧಾನವಾಗಿ ಹಣ್ಣಾದ ಸಿರಾದಲ್ಲಿ ಇದು ಜಾಸ್ತಿ. ಬಿಸಿಲು ಜಾಸ್ತಿ ಇರುವ ಕಡೆ ಮೆಣಸು ಹಿಂದೆ ಸರಿದು ಹಣ್ಣು, ಜಾಮ್ ಮುಂದೆ ಬರುತ್ತವೆ. ಒಂದೇ ದ್ರಾಕ್ಷಿಯ ಎರಡು ಊರಿನ ವೈನ್ ಪಕ್ಕಪಕ್ಕ ಇಟ್ಟರೆ ಈ ವ್ಯತ್ಯಾಸ ಮಕ್ಕಳಿಗೂ ತಿಳಿಯುವಷ್ಟು ಸ್ಪಷ್ಟ. ಮಕ್ಕಳಿಗೆ ಕೊಡಬೇಡಿ ಅಷ್ಟೇ.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು "ಮೆಣಸಿನ ರಾಣಿ" ಅಂತ ಕರೆದರು. ಹದಿನಾರನೇ ಶತಮಾನದಲ್ಲಿ ಇದೇ ಪರಿಮಳವನ್ನು ಹುಡುಕಿಕೊಂಡು ಹಡಗುಗಳು ನಮ್ಮ ಕರಾವಳಿಗೆ ಬಂದವು. ಈಗ ನಾವು ದುಡ್ಡು ಕೊಟ್ಟು ಆ ಪರಿಮಳವನ್ನು ಬಾಟಲಿಯಲ್ಲಿ ತರಿಸಿಕೊಳ್ಳುತ್ತಿದ್ದೇವೆ.

ಇಲ್ಲೊಂದು ಗಮನಿಸುವ ಸಂಗತಿ ಇದೆ. ಐದು ಜನರಲ್ಲಿ ಸುಮಾರು ಒಬ್ಬರಿಗೆ ರೊಟಂಡೋನ್ ವಾಸನೆ ಬರುವುದೇ ಇಲ್ಲ. ಮೂಗು ಕೆಟ್ಟಿದೆ ಅಂತಲ್ಲ, ಆ ಒಂದು ವಸ್ತುವಿಗೆ ಮಾತ್ರ ಅದು ಕುರುಡು. ಅಂಥವರಿಗೂ ಜಜ್ಜಿದ ಮೆಣಸಿನ ಬೇರೆ ಘಮಗಳು ಬರುತ್ತವೆ, ಹಾಗಾಗಿ ಅಡುಗೆಮನೆಯಲ್ಲಿ ಯಾವತ್ತೂ ಗೊತ್ತಾಗಿರುವುದಿಲ್ಲ. ಗ್ಲಾಸಿನಲ್ಲಿ ಮಾತ್ರ ಬರೀ ಹಣ್ಣು ಕಾಣುತ್ತದೆ. ಆರು ಜನ ಕೂತಾಗ ಒಬ್ಬರು "ಎಲ್ಲಿದೆ ಮಾರಾಯ್ರೆ ಮೆಣಸು?" ಅಂದರೆ ಜಗಳ ಆಡಬೇಡಿ. ಇಬ್ಬರೂ ಸರಿ.

ಮೆಣಸು ಬಿಟ್ಟು ಇನ್ನೇನು ಹುಡುಕಬೇಕು? ನೇರಳೆ, ಕೌಳಿಯ ಕಪ್ಪು ಹಣ್ಣಿನ ವಾಸನೆ ಮೊದಲು. ಆಮೇಲೆ ಹೊಗೆ. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗುವ ವಸ್ತುಗಳಿಗೆ ಹಿಡಿಯುತ್ತದಲ್ಲ, ಆ ಹೊಗೆ. ಲವಂಗ, ವೆನಿಲ್ಲಾ ಬಂದರೆ ಓಕ್ ಮರದ ಕೊಡುಗೆ. ಕೊಬ್ಬರಿಯ ಸಿಹಿ ವಾಸನೆ ಬಂದರೆ ಬಹುಶಃ ಅಮೆರಿಕನ್ ಓಕ್, ಆ ಮರದಲ್ಲಿ ತೆಂಗಿನಕಾಯಿಯ ಘಮ ಕೊಡುವ ಅಂಶ ಹೆಚ್ಚು. ಗೊಂಚಲು ಸಮೇತ ಹುದುಗಿಸಿದ್ದರೆ ಹಸಿ ದಂಟು, ಒಣ ಸೊಪ್ಪಿನ ಒಂದು ಎಳೆ ಇರುತ್ತದೆ. ಮೊದಮೊದಲು ನನಗೆ ಅದು ತಪ್ಪು ಅನ್ನಿಸುತ್ತಿತ್ತು, ಈಗ ಅದೇ ಹಿಡಿಸುತ್ತದೆ.

ಸಿಕ್ಕಿದ್ದನ್ನು ಬರೆದಿಡಿ, ನಿಮ್ಮದೇ ಮಾತಲ್ಲಿ. ನನ್ನ ಪುಸ್ತಕದ ಒಂದು ಪುಟ ಹೀಗಿದೆ: "ಅಂಗಳದ ಮೆಣಸು. ಹಿಂದೆ ನೇರಳೆ, ಇನ್ನೂ ಪೂರ್ತಿ ಹಣ್ಣಾಗಿಲ್ಲ. ಗ್ಯಾಸ್ ಅಲ್ಲ, ಕಟ್ಟಿಗೆ ಒಲೆ. ಅರ್ಧ ಗಂಟೆ ಆದ ಮೇಲೆ ಹೊಗೆ ಕಡಿಮೆ."

ಬಾಯಿಗೆ

ಒಂದು ಚಮಚದಷ್ಟು ಬಾಯಿಗೆ ತೆಗೆದುಕೊಳ್ಳಿ. ತುಟಿ ಸ್ವಲ್ಪ ತೆರೆದು ಬಿಸಿ ಚಹಾ ಹೀರಿದಂತೆ ಗಾಳಿ ಎಳೆಯಿರಿ. ಸದ್ದು ಬರುತ್ತದೆ, ನಾಚಿಕೆ ಬೇಡ. ಬಾಯಿಯಿಂದ ಮೂಗಿನ ಹಿಂದಕ್ಕೆ ಘಮ ಏರುವುದು ಆಗಲೇ. ವೈನ್ ಅನ್ನು ಬಾಯಿಯ ಎಲ್ಲ ಕಡೆ ಆಡಿಸಿ. ನಾಲಿಗೆಯ ತುದಿಗೆ ಸಿಹಿ, ಪಕ್ಕಕ್ಕೆ ಹುಳಿ ಎಂದು ಶಾಲೆಯಲ್ಲಿ ಕಲಿತ ಚಿತ್ರ ಮರೆತುಬಿಡಿ. ಎಲ್ಲ ರುಚಿಯೂ ನಾಲಿಗೆಯ ಎಲ್ಲ ಕಡೆ ತಿಳಿಯುತ್ತದೆ.

ಈಗ ಬಟ್ಟಲುಗಳನ್ನು ನೆನಪು ಮಾಡಿಕೊಳ್ಳಿ. ದವಡೆಯಲ್ಲಿ ನೀರೂರಿತೇ? ಮುರುಗಲಿನಷ್ಟೋ, ಕಡಿಮೆಯೋ? ಒಸಡು ಬಿಗಿಯಿತೇ? ಆ ಹಿಡಿತ ನುಣ್ಣಗಿದೆಯೋ, ಗೇರುಹಣ್ಣು ಗಂಟಲು ಹಿಡಿದಂತೆ ಒರಟೋ? ನುಂಗಿದ ಅಥವಾ ಉಗುಳಿದ ಮೇಲೆ ಎದೆಗೆ ಬಿಸಿ ಇಳಿದರೆ ಅದು ಆಲ್ಕೋಹಾಲ್. ಒಂದು ಚಮತ್ಕಾರ ಗಮನಿಸಿ: ಮೂಗಿಗೆ ಮೆಣಸು ಬಂದರೂ ನಾಲಿಗೆಗೆ ಖಾರ ಹತ್ತುವುದಿಲ್ಲ. ಕಾಳುಮೆಣಸಿನ ಖಾರಕ್ಕೆ ಕಾರಣ ಪೈಪರಿನ್, ಅದು ದ್ರಾಕ್ಷಿಯಲ್ಲಿ ಇಲ್ಲ.

ಆಮೇಲೆ ಸುಮ್ನೆ ಕೂತು ಎಣಿಸಿ. ರುಚಿ ಎಷ್ಟು ಹೊತ್ತು ಉಳಿಯುತ್ತದೆ? ಐದು ಎಣಿಸುವುದರೊಳಗೆ ಮಾಯವಾದರೆ ಸಾಧಾರಣ. ಹದಿನೈದು, ಇಪ್ಪತ್ತು ದಾಟಿದರೆ ತಯಾರಕರು ಕೆಲಸ ಚೆನ್ನಾಗಿ ಮಾಡಿದ್ದಾರೆ. ಎಷ್ಟು ಹೊತ್ತು ಎನ್ನುವುದರ ಜೊತೆಗೆ ಏನು ಉಳಿಯಿತು ಅಂತಲೂ ನೋಡಿ. ಹಣ್ಣು ಹೋಗಿ ಬರೀ ಒಗರು, ಮರದ ಕಹಿ ಉಳಿದರೆ ನನಗೆ ಅದು ಒಳ್ಳೆಯ ವೈನ್ ಅಲ್ಲ, ಬೆಲೆ ಎಷ್ಟೇ ಇರಲಿ.

ವಾಸನೆ ಸರಿ ಇಲ್ಲ ಅನ್ನಿಸಿದರೆ

ತೆರೆದ ಕೂಡಲೇ ಕೊಳೆತ ಮೊಟ್ಟೆ ಅಥವಾ ಗೀರಿದ ಬೆಂಕಿಕಡ್ಡಿಯ ವಾಸನೆ ಬಂದರೆ ಚೆಲ್ಲಬೇಡಿ. ಗಾಳಿ ಸಿಗದೆ ಹೀಗಾಗುವುದು ಸಿರಾಕ್ಕೆ ಸ್ವಲ್ಪ ಜಾಸ್ತಿ. ಜಗ್ಗಿನಿಂದ ಜಗ್ಗಿಗೆ ಎರಡು ಸಲ ಸುರಿದು ಅರ್ಧ ಗಂಟೆ ಬಿಡಿ. ಆಗಲೂ ಹೋಗದಿದ್ದರೆ ಒಂದು ಗ್ಲಾಸಿನಲ್ಲಿ ಮಾತ್ರ, ಉಜ್ಜಿ ತೊಳೆದ ತಾಮ್ರದ ತುಂಡಿನಿಂದ ಅರ್ಧ ನಿಮಿಷ ಕಲಕಿ ಮೂಸಿ. ಗಂಧಕದ ಆ ವಾಸನೆಯನ್ನು ತಾಮ್ರ ಹಿಡಿದಿಟ್ಟುಕೊಳ್ಳುತ್ತದೆ. ದೇವರ ಕೋಣೆಯ ಉದ್ಧರಣೆಗೆ ಕೈ ಹಾಕಬೇಡಿ, ಮನೆಯಲ್ಲಿ ಯುದ್ಧ ಆಗುತ್ತದೆ.

ಮಳೆಗಾಲದಲ್ಲಿ ಮೂಲೆಗೆ ಬಿದ್ದು ಬೂಷ್ಟು ಹಿಡಿದ ಗೋಣಿಚೀಲ, ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಕತೆ ಬೇರೆ. ಅದು ಕಾರ್ಕ್‌ನಿಂದ ಬಂದ ದೋಷ. ಗಾಳಿ ಆಡಿಸಿದಷ್ಟೂ ಜಾಸ್ತಿ ಆಗುತ್ತದೆ, ಉಪಾಯ ಇಲ್ಲ. ವಿನೆಗರ್, ನೇಲ್ ಪಾಲಿಶ್ ವಾಸನೆ ಜೋರಾಗಿದ್ದರೂ ಹಾಗೇ. ಕೊಟ್ಟಿಗೆಯ ವಾಸನೆ ಬಂದರೆ ಬ್ರೆಟ್ ಎಂಬ ಯೀಸ್ಟಿನ ಕೆಲಸ. ಎಳ್ಳಷ್ಟು ಇದ್ದರೆ ಕೆಲವರಿಗೆ ಇಷ್ಟ. ದನ ಕಟ್ಟಿದ ಮನೆಯಲ್ಲಿ ಬೆಳೆದ ನನಗೂ ಅದೇನೂ ಬೇಸರ ತರಿಸುವುದಿಲ್ಲ.

ತಟ್ಟೆಗೆ ಏನು?

ಕರಾವಳಿಯವರ ಮೊದಲ ಪ್ರಶ್ನೆ ಮೀನು. ಬಂಗಡೆ ಫ್ರೈ ಜೊತೆ ಸಿರಾ ಬೇಡ. ಕೆಂಪು ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯ ಜೊತೆ ಸೇರಿ ಬಾಯಲ್ಲಿ ಹಳಸಿದ ಮೀನಿನ ವಾಸನೆ ಏಳುತ್ತದೆ. ಮೀನು ತಾಜಾ ಇದ್ದರೂ ಅಷ್ಟೇ. ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕಿದ ಖಾರದ ಸಾರೂ ಆಗದು, ಒಗರು ಮತ್ತು ಆಲ್ಕೋಹಾಲ್‌ನ ಉರಿ ಎರಡೂ ಏರುತ್ತವೆ. ಕಾಳುಮೆಣಸು ಹಾಕಿದ ಮಟನ್ ಅಥವಾ ಕೋಳಿ ಸುಕ್ಕ ಅಚ್ಚುಕಟ್ಟಾಗಿ ಕೂರುತ್ತದೆ.

ಮಾಂಸ ತಿನ್ನದವರು ಬೇಸರಪಡಬೇಕಾಗಿಲ್ಲ. ಕೆಂಡದಲ್ಲಿ ಸುಟ್ಟ ಬದನೆಕಾಯಿಗೆ ಉಪ್ಪು, ಜಜ್ಜಿದ ಮೆಣಸು, ಸ್ವಲ್ಪ ತೆಂಗಿನೆಣ್ಣೆ ಹಾಕಿ ಕಲಸಿ. ವೈನ್‌ನ ಹೊಗೆಗೆ ಬದನೆಯ ಹೊಗೆ ಸೇರಿದಾಗ ಬರುವ ಸುಖವನ್ನು ನಾನು ಬೇರೆ ಯಾವ ಊಟದಲ್ಲೂ ಕಂಡಿಲ್ಲ. ಹುರಿದ ಅಣಬೆಯೂ ನಡೆಯುತ್ತದೆ. ಹಲಸಿನ ಹಪ್ಪಳ ಪಕ್ಕದಲ್ಲಿ ಇರಲಿ, ಆದರೆ ಖಾರದ್ದಲ್ಲ. ತೊಡೆದೇವು, ಹೋಳಿಗೆ ಎಲ್ಲ ಆಮೇಲೆ. ಸಿಹಿಯ ಮುಂದೆ ಈ ವೈನ್ ಹುಳಿ, ಕಹಿ ಮಾತ್ರ ಆಗಿ ಉಳಿಯುತ್ತದೆ. ಅಂದರೆ ಶಿರಾ ಜೊತೆ ಸಿರಾ ಕೂಡದು.

ಎರಡನೇ ಸಂಜೆ

ಎರಡನೇ ಸುತ್ತಿಗೆ ಸ್ವಲ್ಪ ಕಡಿಮೆ ಹಾಕಿ ಒಂದು ಗ್ಲಾಸಿನಷ್ಟನ್ನು ಉಳಿಸಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಅರ್ಧ ಖಾಲಿ ಬಾಟಲಿಯಲ್ಲಿ ಹಾಗೇ ಬಿಡಬೇಡಿ, ಗಾಳಿ ಜಾಸ್ತಿ ಇರುತ್ತದೆ. ಚೆನ್ನಾಗಿ ತೊಳೆದ ಸಣ್ಣ ಗಾಜಿನ ಬಾಟಲಿಗೆ ಕುತ್ತಿಗೆವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನ ಇರುತ್ತದೆ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ.

ಅವತ್ತಿನ ಬಾಟಲಿಯಿಂದ ಗೆಳೆಯ ಹೀಗೇ ಒಂದಿಷ್ಟು ಎತ್ತಿಟ್ಟಿದ್ದ. ಮರುದಿನ ಸಂಜೆ ಹೋದರೆ ಮೆಣಸು ಇತ್ತು, ಆದರೆ ಹಿಂದಿನ ಸಾಲಿಗೆ ಹೋಗಿತ್ತು. ಮೊದಲ ದಿನ ಕಾಯಾಗಿದ್ದ ನೇರಳೆ ಈಗ ಹಣ್ಣಾಗಿತ್ತು. ಒಗರು ಮೆತ್ತಗಾಗಿತ್ತು. ಆಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಮತ್ತೆ ಗ್ಲಾಸಿಗೆ ಕೈ ಚಾಚಿದರು. ಈ ಸಲ ಸ್ವಲ್ಪ ಹೆಚ್ಚೇ ಹೊತ್ತು ಮೂಸಿದರು.